ಅಕ್ಟೋಬರ್ 10, 1962: ಒಂದು ದಿನ, ಇಬ್ಬರು ಸೇನಾಧಿಕಾರಿಗಳ ಪುಸ್ತಕ

1962ರ ಚೀನಾ ಯುದ್ಧದ ಸೋಲು ಅಂದ ಕೂಡಲೇ ನಮ್ಮಲ್ಲಿ ಬಹಳ ಜನರ ಬಾಯಿಗೆ ಬರುವ ಹೆಸರು, ಆಗ ಈಶಾನ್ಯ ಗಡಿ ಕಾಯುತ್ತಿದ್ದ ಸೇನೆಯ 4ನೇ ಕೋರ್‌ನ ಮುಖ್ಯಸ್ಥರಾಗಿದ್ದ ಜನರಲ್ ಬಿ.ಎಂ. ಕೌಲ್. ಬೈಗುಳದ ಜೊತೆಗೇ ಬರುತ್ತದೆ. ಕನ್ನಡ ಓದುಗರಲ್ಲಿ ಈ ಸಿಟ್ಟು ಹುಟ್ಟಿಸಿದ್ದು ಹೆಚ್ಚಾಗಿ ಒಂದೇ ಪುಸ್ತಕ, ಬ್ರಿಗೇಡಿಯರ್ ಜಾನ್ ದಳವಿಯವರ 'ಹಿಮಾಲಯನ್ ಬ್ಲಂಡರ್'. ಅದನ್ನು ಕನ್ನಡಕ್ಕೆ ತಂದವರು ರವಿ ಬೆಳಗೆರೆ. ನಾನೂ ಮೊದಲು ಓದಿದ್ದು ಅದನ್ನೇ.

ವರ್ಷ ಗಮನಿಸಿ. ಕೌಲ್ ಅವರ 'ದಿ ಅನ್‌ಟೋಲ್ಡ್ ಸ್ಟೋರಿ' ಬಂದದ್ದು 1967ರಲ್ಲಿ, ದಳವಿ ಪುಸ್ತಕ 1969ರಲ್ಲಿ. ಮೊದಲು ಮಾತಾಡಿದವರು ಕೌಲ್, ಜನ ನಂಬಿದ್ದು ದಳವಿಯನ್ನು. ಯಾಕೆ? ದಳವಿ ತವಾಂಗ್ ಕಡೆಯ ಚೀನಾ ಗಡಿಯ ನಾಮ್ಕಾ ಚು ನದಿಯ ದಂಡೆಯಲ್ಲಿ ತಮ್ಮ 7ನೇ ಬ್ರಿಗೇಡ್ ಜೊತೆಗೇ ಇದ್ದರು. ಹಿಮಾಲಯದ ಚಳಿಯಲ್ಲಿ ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟು ತೊಟ್ಟ ಹುಡುಗರನ್ನು ಕಣ್ಣಾರೆ ಕಂಡರು. ಆಮೇಲೆ ಚೀನಾದ ಸೆರೆಯಲ್ಲಿ ಏಳು ತಿಂಗಳು ಕಳೆದರು. ಅಂಥವರ ಮಾತಿಗೆ ತೂಕ ಬಂದೇ ಬರುತ್ತದೆ ಅಲ್ವಾ?

ಅಕ್ಟೋಬರ್ 10ರ ಪುಟಗಳನ್ನು ಮಾತ್ರ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಓದಿ. ಆ ದಿನ ಕೌಲ್ ಕೂಡ ನಾಮ್ಕಾ ಚು ಹತ್ತಿರವೇ ಇದ್ದರು. ಆಚೆ ದಡದ ತ್ಸೆಂಗ್ ಜಾಂಗ್‌ನಲ್ಲಿ ಪಂಜಾಬ್ ರೆಜಿಮೆಂಟಿನ ಸಣ್ಣ ತುಕಡಿಯ ಮೇಲೆ ಚೀನೀಯರು ಮುಗಿಬಿದ್ದರು. ಕೌಲ್ ಅವತ್ತೇ ದೆಹಲಿಗೆ ಹೊರಟರು. ದಳವಿಗೆ ಅದು ಯುದ್ಧವನ್ನು ತಮ್ಮ ತಲೆಗೆ ಕಟ್ಟಿ ಹೋದ ಹಾಗೆ ಕಂಡಿತು. ಕೌಲ್ ಹೇಳುವುದು, ಪರಿಸ್ಥಿತಿಯನ್ನು ನೆಹರೂಗೆ ಖುದ್ದಾಗಿ ತಿಳಿಸಲೇಬೇಕಿತ್ತು ಅಂತ. ನನಗೆ ಎರಡೂ ನಿಜ ಅನ್ನಿಸುತ್ತದೆ. ದೆಹಲಿಯಲ್ಲಿ ಸಭೆಯೇನೋ ಆಯಿತು, ಬ್ರಿಗೇಡನ್ನು ನದಿ ದಂಡೆಯಿಂದ ಹಿಂದಕ್ಕೆ ಕರೆಸಲಿಲ್ಲ. ಅಕ್ಟೋಬರ್ 20ರ ಬೆಳಗಿನ ಜಾವ ದಾಳಿಯಾದಾಗ ಕೌಲ್ ಕಾಯಿಲೆಯಿಂದ ದೆಹಲಿಯಲ್ಲಿ ಹಾಸಿಗೆ ಹಿಡಿದಿದ್ದರು. ಬ್ರಿಗೇಡ್ ಒಂದೇ ದಿನದಲ್ಲಿ ಚೂರಾಯಿತು.

ಓದುವಾಗ ನಾನು ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳುತ್ತೇನೆ. ಬರೆದವರು ಕಂಡದ್ದಕ್ಕೆ ಕೆಂಪು, ಆಮೇಲೆ ಕೇಳಿ ತಿಳಿದದ್ದಕ್ಕೆ ನೀಲಿ. ದಳವಿಯವರ ನದಿ ದಂಡೆಯ ಪುಟಗಳೆಲ್ಲ ಕೆಂಪಾದವು. ದೆಹಲಿಯ ಒಳಗಿನ ಮಾತುಕತೆ ಬಂದಾಗ ನೀಲಿ ಜಾಸ್ತಿಯಾಯಿತು. ಕೌಲ್ ಪುಸ್ತಕದಲ್ಲಿ ಇದು ತಿರುಗುಮುರುಗು.

ಕೌಲ್ ತಪ್ಪು ದೊಡ್ಡದೇ. ಆದರೆ ಚೀನೀಯರನ್ನು ಹೊರದಬ್ಬಿ ಅನ್ನುವ ಆದೇಶ ಹೊರಟದ್ದು ಸೆಪ್ಟೆಂಬರ್‌ನಲ್ಲಿ. ಕೌಲ್ 4ನೇ ಕೋರ್‌ಗೆ ಬಂದದ್ದು ಅಕ್ಟೋಬರ್‌ನಲ್ಲಿ. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಿದರೆ ಆದೇಶ ಕೊಟ್ಟವರು ಸುಮ್ನೆ ಪಾರಾಗುತ್ತಾರೆ.

ಸೇನೆಯೇ ನಡೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ತನಿಖೆಯ ವರದಿ 1963ರದ್ದು. ಸರ್ಕಾರ ಅದನ್ನು ಬಿಡುಗಡೆ ಮಾಡಿಲ್ಲ. 2014ರಲ್ಲಿ ಒಂದು ಭಾಗ ಮಾತ್ರ ಇಂಟರ್ನೆಟ್‌ಗೆ ಬಂತು. ದಳವಿ ಮತ್ತು ಕೌಲ್ ನಡುವೆ ಡಿವಿಷನ್ ಕಮಾಂಡರ್ ಆಗಿದ್ದವರು ನಿರಂಜನ್ ಪ್ರಸಾದ್. ಅವರೂ 1981ರಲ್ಲಿ 'ದಿ ಫಾಲ್ ಆಫ್ ತೊವಾಂಗ್' ಬರೆದರು. ಅಕ್ಟೋಬರ್ 10ಕ್ಕೆ ಮೂರನೇ ಸಾಕ್ಷಿ ಬೇಕು ಅನ್ನುವವರು ಮುಂದೆ ಅದನ್ನು ತೆರೆಯಿರಿ.