ಕಲ್ಲಿನೊಳಗಿನ ಇಂಗಾಲ: ಕಲಬುರಗಿ ಸಿಮೆಂಟಿನ ನೂರು ವರ್ಷ

ವಾಡಿ, ಸೇಡಂ, ಮಳಖೇಡ ಕಡೆಯ ಜನ ಸಿಮೆಂಟ್ ಕಾರ್ಖಾನೆ ಅಂದರೆ ಮೊದಲು ಧೂಳಿನ ಮಾತು ಎತ್ತುತ್ತಾರೆ. ತೊಗರಿ ಎಲೆ ಮೇಲೆ ಕೂರುವ ಬೂದು ಪುಡಿ, ಒಣಹಾಕಿದ ಬಟ್ಟೆ, ಬಿಡದ ಕೆಮ್ಮು. ಆ ದೂರು ನ್ಯಾಯವಾದದ್ದೇ. ಆದರೆ ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಸಿಮೆಂಟಿನ ವಿಷಯದಲ್ಲಿ ಅದರ ದೊಡ್ಡ ಪಾಲು ಹೊರಬೀಳುವುದು ಉರಿಸುವ ಕಲ್ಲಿದ್ದಲಿನಿಂದಲೂ ಅಲ್ಲ, ಸುಣ್ಣದ ಕಲ್ಲಿನಿಂದಲೇ.

ಲೆಕ್ಕ ಸರಳವಾಗಿದೆ. 100 ಕೆಜಿ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ. ಮಿಕ್ಕ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಆ ಸುಣ್ಣವನ್ನು ಜೇಡಿಯ ಅಂಶಗಳ ಜೊತೆ ಸುಮಾರು 1450 ಡಿಗ್ರಿವರೆಗೆ ಕಾಯಿಸಿದಾಗ ಕ್ಲಿಂಕರ್ ಎಂಬ ಉಂಡೆಗಳಾಗುತ್ತವೆ. ಅದನ್ನು ಬೀಸಿದರೆ ಸಿಮೆಂಟ್. ಒಂದು ಟನ್ ಕ್ಲಿಂಕರ್‌ಗೆ ಕಲ್ಲಿನಿಂದಲೇ ಅರ್ಧ ಟನ್‌ಗಿಂತ ಸ್ವಲ್ಪ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಇಂಧನದ್ದು ಬೇರೆ. ನಾಳೆ ಇಡೀ ಕಾರ್ಖಾನೆಯನ್ನು ಬಿಸಿಲಿನ ವಿದ್ಯುತ್ತಿನಲ್ಲೇ ನಡೆಸಿದರೂ ಕಲ್ಲಿನ ಪಾಲು ಹಾಗೇ ಇರುತ್ತದೆ.

ಅದೇ ಕಲ್ಲನ್ನು ಸುಡದೆ, ಸುಮ್ನೆ ಸೀಳಿ ಪರ್ಸಿ (ಚಪ್ಪಟೆ ಹಾಸುಗಲ್ಲು) ಮಾಡಿ ನೆಲಕ್ಕೆ ಹಾಸಿದರೆ? ಕೊಯ್ಯುವ ಯಂತ್ರ, ಸಾಗಿಸುವ ಲಾರಿ, ಅಷ್ಟರದೇ ಹೊಗೆ. ಒಳಗಿನ ಇಂಗಾಲ ಒಳಗೇ ಇರುತ್ತದೆ. ಯಾವ ಕಲ್ಲು ಅನ್ನುವುದಕ್ಕಿಂತ ಅದನ್ನು ಏನು ಮಾಡುತ್ತೇವೆ ಅನ್ನುವುದರ ಮೇಲೆ ಈ ಲೆಕ್ಕ ನಿಂತಿದೆ.

ಕಾರ್ಖಾನೆಗಳು ಇಲ್ಲೇ ಯಾಕೆ ಬಂದವು? ಬಹಳ ಹಿಂದೆ ಭೀಮಾ ಸೀಮೆ ಸಮುದ್ರದ ತಳವಾಗಿತ್ತು. ಆಗ ಕೂತ ಸುಣ್ಣದ ಪದರಗಳೇ ಇಂದಿನ ಕಲ್ಲು. ಆಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನ ಲಾವಾ ಹರಿದು ಬಂತು. ಬೀದರ್ ಪೂರ್ತಿ ಅದರ ಕೆಳಗೆ ಮುಚ್ಚಿಹೋಯಿತು. ಕಲಬುರಗಿಯ ದಕ್ಷಿಣ ಭಾಗ ಮತ್ತು ಯಾದಗಿರಿಯ ಕೆಲವು ಕಡೆ ಸುಣ್ಣದ ಕಲ್ಲು ಮೇಲೇ ಉಳಿಯಿತು. ಅಕ್ಕಪಕ್ಕದ ಜಿಲ್ಲೆಗಳ ಹೊಗೆ ಬೇರೆ ಬೇರೆಯಾಗಲು ಇದು ಮೊದಲ ಕಾರಣ.

ಎರಡನೆಯದು ರೈಲು. 1870ರ ದಶಕದಲ್ಲಿ ಮುಂಬೈ–ರಾಯಚೂರು ಮಾರ್ಗ ಈ ದಾರಿಯಲ್ಲಿ ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಕಲ್ಲಿದ್ದಲು ಒಳಗೆ ತರಲು, ಸಿಮೆಂಟ್ ಹೊರಗೆ ಕಳಿಸಲು ದಾರಿ ಸಿಕ್ಕಿತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಂಪನಿ ತಲೆಯೆತ್ತಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಅದೂ ಅದರೊಳಗೆ ಹೋಯಿತು. 1968ರಲ್ಲಿ ವಾಡಿ ಕಾರ್ಖಾನೆ ಬಂತು.

ಆ ಕಾಲದಲ್ಲಿ ದೇಶದ ಹೆಚ್ಚಿನ ಕಾರ್ಖಾನೆಗಳು ಕಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ರಾಡಿ ಮಾಡಿ ಗೂಡಿಗೆ ಬಿಡುತ್ತಿದ್ದವು. ಮೊದಲು ಆ ನೀರನ್ನು ಆವಿ ಮಾಡಲೇ ಎಷ್ಟೋ ಕಲ್ಲಿದ್ದಲು ಬೇಕಿತ್ತು. ಸಿಮೆಂಟಿನ ಬೆಲೆ, ಹಂಚಿಕೆ ಸರ್ಕಾರದ ಕೈಯಲ್ಲಿತ್ತು. ಹೊಸದಾಗಿ ಹಣ ಹೂಡುವವರೂ ಕಡಿಮೆ. 1982ರಲ್ಲಿ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಎರಡೂ ಎಂಬತ್ತರ ದಶಕದ ಕಾರ್ಖಾನೆಗಳು ಅನ್ನುವುದು ಕಾಕತಾಳೀಯವಲ್ಲ. ದೇಶದಲ್ಲಿ ನೀರು ಕಲಸದೆ ಪುಡಿಯನ್ನೇ ಗೂಡಿಗೆ ಬಿಡುವ ಒಣ ವಿಧಾನವೇ ರೂಢಿಗೆ ಬಂತು. ಒಂದು ಟನ್‌ಗೆ ಬೇಕಾದ ಇಂಧನ ಇಳಿಯಿತು. ಆದರೆ ಟನ್‌ಗಳೇ ಎಷ್ಟೋ ಪಟ್ಟು ಏರಿದವು. ಹೀಗಾಗಿ ಆ ಉಳಿತಾಯವನ್ನೆಲ್ಲ ಉತ್ಪಾದನೆಯೇ ನುಂಗಿತು.

2012ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಅದು ಅಳೆದದ್ದು ಇಂಧನವನ್ನು. ಕಲ್ಲಿನಿಂದ ಬರುವ ಅನಿಲ ಆ ಲೆಕ್ಕಕ್ಕೆ ಬರಲಿಲ್ಲ. ಅದು ಲೆಕ್ಕಕ್ಕೆ ಬರುವಂತಾದದ್ದು 2023ರಲ್ಲಿ ಪ್ರಕಟವಾದ ಇಂಗಾಲ ವಹಿವಾಟು ಯೋಜನೆಯಿಂದ. ಗುರಿಗಿಂತ ಕಡಿಮೆ ಅನಿಲ ಬಿಟ್ಟವರು ಆ ಉಳಿಕೆಯನ್ನು ಮಾರಬಹುದಾದ ಯೋಜನೆ ಅದು. 2025ರಲ್ಲಿ ಸಿಮೆಂಟ್ ವಲಯಕ್ಕೆ, ಒಂದು ಟನ್ ಉತ್ಪನ್ನಕ್ಕೆ ಇಷ್ಟೇ ಅನಿಲ ಅಂತ ಗುರಿ ಗೊತ್ತಾಯಿತು. ತಡವಾಯಿತು, ಅಲ್ವಾ?

ಬೀದರ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ಕಬ್ಬು, ಸಕ್ಕರೆ ಕಾರ್ಖಾನೆ. ಅರೆದ ಕಬ್ಬಿನ ಸಿಪ್ಪೆಯನ್ನು ಉರಿಸಿದಾಗ ಬರುವ ಇಂಗಾಲವನ್ನು ಮುಂದಿನ ಬೆಳೆ ಮತ್ತೆ ಹೀರುತ್ತದೆ. ಆದರೆ ಗದ್ದೆಗೆ ಸುರಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುತ್ತದೆ. ಯಾದಗಿರಿಯ ಶಹಾಪುರ, ಸುರಪುರ ಕಡೆ ಕೃಷ್ಣೆಯ ಕಾಲುವೆ ನೀರು ಬಂತು. ಯೋಜನೆ ಮಾಡಿದ್ದು ಕಡಿಮೆ ನೀರಿನ ಬೆಳೆಗೆ, ರೈತರು ಹಿಡಿದದ್ದು ಭತ್ತ. ನೀರು ನಿಂತ ಗದ್ದೆಯ ಕೆಸರಲ್ಲಿ ಮೀಥೇನ್ ಹುಟ್ಟುತ್ತದೆ. ನಮ್ಮ ತೊಗರಿಗೆ ನಿಂತ ನೀರೂ ಬೇಡ, ಹೆಚ್ಚು ಯೂರಿಯಾನೂ ಬೇಡ. ಗಾಳಿಯ ಸಾರಜನಕವನ್ನು ಬೇರಿನ ಗಂಟಲ್ಲಿ ತಾನೇ ಹಿಡಿದುಕೊಳ್ಳುತ್ತದೆ. ಈ ಗುಣಕ್ಕೆ ರೈತನಿಗೆ ಯಾರೂ ಬೆಲೆ ಕೊಟ್ಟಿಲ್ಲ. ಕೊಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಸಿಮೆಂಟಿನ ಇಂಗಾಲ ಇಳಿಸುವ ದೊಡ್ಡ ದಾರಿ ಕ್ಲಿಂಕರನ್ನೇ ಕಡಿಮೆ ಮಾಡುವುದು. ಪಿಪಿಸಿ ಎಂಬ ಮಿಶ್ರ ಸಿಮೆಂಟಿನಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ (ಕಲ್ಲಿದ್ದಲು ಉರಿದ ಮೇಲೆ ಉಳಿಯುವ ನುಣ್ಣನೆ ಬೂದಿ) ಬೆರೆಸಲು ಅವಕಾಶವಿದೆ. ಆ ಬೂದಿ ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಸಿಗುತ್ತದೆ. ಮುಂದೆ ಅವು ಕಡಿಮೆಯಾದರೆ ಬೂದಿಯೂ ಕಡಿಮೆ. ಅದಕ್ಕೇ ಸುಟ್ಟ ಜೇಡಿ ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಬೆರೆಸಿದ ಹೊಸ ಸಿಮೆಂಟ್ ಮುಖ್ಯ. ಅದಕ್ಕೆ 2023ರಲ್ಲಿ ಭಾರತೀಯ ಮಾನಕ ಬಂದಿದೆ. ಕ್ಲಿಂಕರ್ ಅರ್ಧಕ್ಕೆ ಇಳಿದರೂ ಗಟ್ಟಿತನಕ್ಕೆ ಕೊರತೆ ಇಲ್ಲ.

ಇಷ್ಟಾದರೂ ಮನೆ ಕಟ್ಟುವವರ ಅಭ್ಯಾಸ ಉಳಿದುಕೊಂಡಿದೆ. ಗಾರೆಗೂ, ಗೋಡೆಗೂ, ಪ್ಲಾಸ್ಟರಿಗೂ 53 ಗ್ರೇಡ್ ಓಪಿಸಿಯೇ, ಅಂದರೆ ಬೂದಿ ಬೆರೆಸದ ಹೆಚ್ಚು ಗಟ್ಟಿಯ ಸಿಮೆಂಟೇ, ಬೇಕು ಅನ್ನುವವರು ಜಾಸ್ತಿ. ಪ್ಲಾಸ್ಟರಿಗೆ ಅದು ಬೇಕಾಗಿಲ್ಲ. ಬೇಗ ಬಿಗಿಯುವ ಆ ಸಿಮೆಂಟು ನಮ್ಮ ಬೇಸಿಗೆಯಲ್ಲಿ ಬಿರುಕು ಬಿಡುವುದೂ ಹೆಚ್ಚು. ಪಿಪಿಸಿ ತಂದು, ನಾಲ್ಕು ದಿನ ಹೆಚ್ಚಿಗೆ ನೀರು ಹೊಡೆದರೆ ಸಾಕು ಎಂದು ಮೇಸ್ತ್ರಿಗೆ ಹೇಳುವ ಕೆಲಸ ಮನೆಯ ಯಜಮಾನರದ್ದು.