ಬಾಬಡುಕ್ ಟಿಪ್ಪಣಿ: ಅಮ್ಮನ ಕಡೆಯಿಂದ ಮಗನ ಕಡೆಗೆ

ಹಾರರ್ ಸಿನಿಮಾ ಓದುವವರಿಗೆ 'ದಿ ಬಾಬಡುಕ್' ಬಗ್ಗೆ ಪ್ರಶ್ನೆ ಬಂದರೆ ಎಲ್ಲರೂ ಬರೆಯುವ ಉತ್ತರ ಒಂದೇ. ಅದರಲ್ಲಿನ ಗುಮ್ಮ ಅಂದರೆ ಗಂಡ ಸತ್ತ ದುಃಖ. ಈ ಉತ್ತರ ತಪ್ಪೇನಲ್ಲ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಸಿನಿಮಾದ ಅರ್ಧ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಗುಮ್ಮ ಏನು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನೋಡುತ್ತಾ ಕೂತ ನಾವು ಯಾರ ಕಡೆ ಇದ್ದೇವೆ? ಮೊದಲರ್ಧ ನಾವು ಅಮ್ಮನ ಕಡೆ. ಆಮೇಲೆ ನಮಗೇ ಗೊತ್ತಾಗದ ಹಾಗೆ ಮಗನ ಕಡೆಗೆ ಬಂದಿರುತ್ತೇವೆ. ಈ ಸಿನಿಮಾದ ನಿಜವಾದ ಭಯ ಇರುವುದು ಆ ಬದಲಾವಣೆಯಲ್ಲೇ ಅಂತ ನನಗೆ ಅನ್ನಿಸುತ್ತದೆ. ಅದು ಹೇಗೆ ಆಗುತ್ತದೆ ಅಂತ ಬಿಡಿಸಿ ನೋಡೋಣ. ಕೊನೆಯವರೆಗಿನ ಕಥೆ ಇಲ್ಲಿ ಬರುತ್ತದೆ. ಹಾಗಾಗಿ ಒಮ್ಮೆ ಸಿನಿಮಾ ನೋಡಿ ಆಮೇಲೆ ಓದಿದರೆ ಒಳ್ಳೆಯದು.

ಮೊದಲು ಗೊತ್ತಿರಬೇಕಾದ್ದು

ಇದು 2014ರ ಆಸ್ಟ್ರೇಲಿಯಾದ ಸಿನಿಮಾ. ಬರೆದು ನಿರ್ದೇಶಿಸಿದವರು ಜೆನಿಫರ್ ಕೆಂಟ್. ಇದು ಅವರ ಮೊದಲ ಪೂರ್ಣ ಪ್ರಮಾಣದ ಸಿನಿಮಾ. ಅವರು ಮೊದಲು ನಟಿಯಾಗಿದ್ದವರು, ಆಮೇಲೆ ಡೆನ್ಮಾರ್ಕ್‌ನ ನಿರ್ದೇಶಕ ಲಾರ್ಸ್ ವಾನ್ ಟ್ರಿಯರ್ ಅವರ 'ಡಾಗ್‌ವಿಲ್' ಸಿನಿಮಾದ ಸೆಟ್‌ನಲ್ಲಿದ್ದು ಕೆಲಸ ಕಲಿತರು. ಶೂಟಿಂಗ್ ನಡೆದದ್ದು ಅಡಿಲೇಡ್‌ನಲ್ಲಿ. ಅಮ್ಮ ಅಮೇಲಿಯಾ ಪಾತ್ರ ಮಾಡಿದವರು ಎಸ್ಸಿ ಡೇವಿಸ್, ಮಗ ಸ್ಯಾಮ್ಯುಯೆಲ್ ಆಗಿ ನೋವಾ ವೈಸ್‌ಮನ್. ಖರ್ಚು ಸುಮಾರು 20 ಲಕ್ಷ ಡಾಲರ್, ಅಂದರೆ ಹಾರರ್ ಲೆಕ್ಕದಲ್ಲೂ ಸಣ್ಣ ಬಜೆಟ್ಟೇ. ಸೆಟ್ ಕೆಲಸಕ್ಕೆ ಬೇಕಾದ ದುಡ್ಡಿನ ಒಂದು ಪಾಲನ್ನು ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಎತ್ತಿದರು.

ಕಥೆ ಇಷ್ಟು. ಅಮೇಲಿಯಾ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಹೆರಿಗೆ ನೋವು ಬಂದಾಗ ಗಂಡ ಆಸ್ಕರ್ ಅವಳನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಅಪಘಾತ ಆಗಿ ಅವನು ಸತ್ತ. ಹಾಗಾಗಿ ಮಗ ಹುಟ್ಟಿದ ದಿನವೂ ಗಂಡ ಸತ್ತ ದಿನವೂ ಒಂದೇ. ಮಗನ ಹುಟ್ಟುಹಬ್ಬವನ್ನು ಅದೇ ದಿನ ಮಾಡಿದ್ದೇ ಇಲ್ಲ. ಈಗ ಅವನಿಗೆ ಏಳು ವರ್ಷ ತುಂಬುತ್ತಿದೆ. ಒಂದು ರಾತ್ರಿ ಶೆಲ್ಫಿನಲ್ಲಿ ಯಾರೂ ತಂದಿಡದ ಒಂದು ಕೆಂಪು ರಟ್ಟಿನ ಮಕ್ಕಳ ಪುಸ್ತಕ ಸಿಗುತ್ತದೆ. ಅದರಲ್ಲಿ ಟೋಪಿ, ಕೋಟು, ಉದ್ದ ಉಗುರಿನ ಒಂದು ಗುಮ್ಮ, ಹೆಸರು ಬಾಬಡುಕ್.

ನಮ್ಮ ಮನೆಗಳಲ್ಲಿ ಊಟ ಮಾಡದ ಮಗುವಿಗೆ ಅಮ್ಮ 'ಗುಮ್ಮ ಬಂದ ನೋಡು' ಅಂತ ಹೆದರಿಸುತ್ತಾಳೆ, ಅಲ್ವಾ? ಇಲ್ಲಿ ಅದು ತಿರುಗುಮುರುಗು. ಗುಮ್ಮ ಬಂದಿದ್ದಾನೆ ಅಂತ ಮಗುವೇ ಅಮ್ಮನಿಗೆ ಮತ್ತೆ ಮತ್ತೆ ಹೇಳುತ್ತದೆ. ನಂಬದವಳು ಅಮ್ಮ.

ಹಾಸಿಗೆಯ ದೃಶ್ಯ

ಶುರುವಿನಲ್ಲೇ ಬರುವ ಒಂದು ಚಿಕ್ಕ ದೃಶ್ಯವನ್ನು ನಿಧಾನವಾಗಿ ನೋಡಿ. ಹೆದರಿದ ಸ್ಯಾಮ್ಯುಯೆಲ್ ಅಮ್ಮನ ಹಾಸಿಗೆಯಲ್ಲಿ ಬಂದು ಮಲಗಿದ್ದಾನೆ. ನಿದ್ದೆಯಲ್ಲಿ ಅವನ ಕೈ ಅಮ್ಮನ ಕುತ್ತಿಗೆ ಮೇಲೆ, ಕಾಲು ಅವಳ ಮೈಮೇಲೆ. ಹಲ್ಲು ಕಡಿಯುತ್ತಾನೆ. ಕ್ಯಾಮೆರಾ ಇಡೀ ಮಗುವನ್ನು ತೋರಿಸುವುದಿಲ್ಲ. ಕೈ, ಕಾಲು, ಬಾಯಿ ಅಂತ ತುಂಡು ತುಂಡಾಗಿ, ತೀರಾ ಹತ್ತಿರದಿಂದ ತೋರಿಸುತ್ತದೆ. ಹಲ್ಲಿನ ಸದ್ದು ಬೇಕೆಂದೇ ಜೋರಾಗಿದೆ. ಅಮೇಲಿಯಾ ಮೆಲ್ಲಗೆ ಬಿಡಿಸಿಕೊಂಡು ಹಾಸಿಗೆಯ ಆ ತುದಿಗೆ ಸರಿದು, ಅವನಿಗೆ ಬೆನ್ನು ಮಾಡಿ ಮಲಗುತ್ತಾಳೆ. ಇಬ್ಬರ ನಡುವೆ ದೊಡ್ಡ ಖಾಲಿ ಜಾಗ.

ಮಗು ತಪ್ಪೇನೂ ಮಾಡಿಲ್ಲ. ಅಮ್ಮನನ್ನು ತಬ್ಬಿ ಮಲಗಿದೆ, ಅಷ್ಟೇ. ಆದರೂ ನೋಡುವ ನಮಗೆ ಮೈ ಮುಟ್ಟಿದ ಹಾಗೆ ಕಿರಿಕಿರಿ ಆಗುತ್ತದೆ. ಅಮೇಲಿಯಾಗೆ ಆಗುವ ಕಿರಿಕಿರಿಯನ್ನು ಮಾತಿಲ್ಲದೆ ನಮ್ಮ ಮೈಗೆ ದಾಟಿಸಿದ್ದಾರೆ. ಮಗುವಿನ ಪ್ರೀತಿಯನ್ನು ಕಾಟವಾಗಿ ನೋಡುವ ಕಣ್ಣು ನಮಗೆ ಇಲ್ಲೇ ಬಂದುಬಿಡುತ್ತದೆ.

ಮುಂದಿನ ಅರ್ಧ ಗಂಟೆ ಈ ಭಾವನೆ ಗಟ್ಟಿಯಾಗುತ್ತಾ ಹೋಗುತ್ತದೆ. ಹುಡುಗ ಮನೆಯಲ್ಲೇ ಆಯುಧ ಮಾಡುತ್ತಾನೆ, ಅದನ್ನು ಶಾಲೆಗೂ ಒಯ್ಯುತ್ತಾನೆ. ಕಿರುಚುತ್ತಾನೆ. ತನ್ನದೇ ವಯಸ್ಸಿನ, ಚಿಕ್ಕಮ್ಮನ ಮಗಳು ರೂಬಿಯನ್ನು ಮರದ ಮೇಲಿನ ಆಟದಮನೆಯಿಂದ ತಳ್ಳುತ್ತಾನೆ, ಅವಳ ಮೂಗು ಮುರಿಯುತ್ತದೆ. ಆದರೆ ತಳ್ಳುವ ಮೊದಲು ರೂಬಿ ಏನಂದಳು ಅಂತ ನೆನಪಿಟ್ಟುಕೊಳ್ಳಿ. ಅಪ್ಪ ಇರುವಷ್ಟೂ ಯೋಗ್ಯತೆ ನಿನಗಿಲ್ಲ ಅನ್ನುವ ಅರ್ಥದ ಮಾತು ಅದು. ಮೊದಲ ಸಲ ನೋಡುವವರಿಗೆ ಸಾಮಾನ್ಯವಾಗಿ ಆ ಮಾತು ಮರೆತು ಮುರಿದ ಮೂಗು ಮಾತ್ರ ನೆನಪಿರುತ್ತದೆ. ಆಮೇಲೆ ಕಾರಿನೊಳಗೆ ಅವನು ಹಿಂದಿನ ಸೀಟಿನಲ್ಲಿ ಕಿರುಚುವಾಗ, ಎಲ್ಲರ ಹಾಗೆ ಇರೋಕೆ ನಿನಗೇನು ಅಂತ ಅಮೇಲಿಯಾ ಸಿಡಿದಾಗ, ಪಾಪ ಅವಳಾದರೂ ಏನು ಮಾಡಿಯಾಳು ಅಂತ ನಮಗೇ ಅನ್ನಿಸಿರುತ್ತದೆ.

ಇದೇ ದಿನ ಅಮೇಲಿಯಾಳ ತಂಗಿ ಕ್ಲೇರ್ ಒಂದು ಮಾತು ಹೇಳಿದ್ದಾಳೆ. ಸ್ಯಾಮ್ಯುಯೆಲ್ ಹತ್ತಿರ ಇರುವುದು ತನಗೆ ಆಗುವುದಿಲ್ಲ, ಅಷ್ಟೇಕೆ, ಅಮ್ಮನಾದ ನಿನಗೂ ಆಗುವುದಿಲ್ಲ ಅಂತ. ಅಮೇಲಿಯಾ ಉತ್ತರ ಕೊಡುವುದಿಲ್ಲ. ಕೊಡೋಕೆ ಉತ್ತರ ಇಲ್ಲ.

ಕಡೆ ಬದಲಾಗುವ ಜಾಗ

ಡಾಕ್ಟರ್ ಹತ್ತಿರ ಕೇಳಿ ಮಗನಿಗೆ ನಿದ್ದೆ ಮಾತ್ರೆ ಬರೆಸಿಕೊಂಡ ಮೇಲೆ ಒಂದು ರಾತ್ರಿ ಇಬ್ಬರೂ ಚೆನ್ನಾಗಿ ಮಲಗುತ್ತಾರೆ. ಆಮೇಲೆ ಹುಡುಗ ಮೆತ್ತಗಾಗುತ್ತಾನೆ, ಅಮ್ಮನ ನಿದ್ದೆ ಪೂರ್ತಿ ಹೋಗುತ್ತದೆ. ಹಗಲು ಹೊತ್ತಿನಲ್ಲಿ ಅಮೇಲಿಯಾ ಹೊದ್ದು ಮಲಗಿರುವಾಗ ಸ್ಯಾಮ್ಯುಯೆಲ್ ಬಾಗಿಲ ಹತ್ತಿರ ಬಂದು ನಿಲ್ಲುತ್ತಾನೆ. ಮಾತ್ರೆ ತೆಗೆದುಕೊಂಡಿದ್ದಾನೆ, ಹೊಟ್ಟೆ ತೊಳಸುತ್ತಿದೆ, ಊಟದ ಜೊತೆ ತೆಗೆದುಕೋ ಅಂತ ನೀನೇ ಹೇಳಿದ್ದೆ, ಮನೆಯಲ್ಲಿ ತಿನ್ನೋಕೆ ಏನೂ ಸಿಗುತ್ತಿಲ್ಲ ಅನ್ನುತ್ತಾನೆ. ದನಿ ಎತ್ತುವುದಿಲ್ಲ. ಅಮೇಲಿಯಾ ತಲೆ ಎತ್ತಿ, ಮಗುವಿಗೆ ಹೇಳಬಾರದ ಕೊಳಕು ಮಾತೊಂದನ್ನು ಆಡುತ್ತಾಳೆ.

ಇಡೀ ಸಿನಿಮಾದ ಕೀಲು ಈ ದೃಶ್ಯ. ಇಲ್ಲಿ ಗುಮ್ಮ ಇಲ್ಲ, ಕತ್ತಲೆ ಇಲ್ಲ, ದಿಢೀರ್ ಸದ್ದೂ ಇಲ್ಲ. ಆದರೂ ಮೈ ಜುಮ್ ಅನ್ನುತ್ತದೆ. ಯಾಕೆಂದರೆ ಪಾತ್ರಗಳು ಅದಲುಬದಲಾಗಿವೆ. ದೊಡ್ಡವರ ಹಾಗೆ ತಾಳ್ಮೆಯಿಂದ ಮಾತಾಡುತ್ತಿರುವುದು ಮಗು, ರಚ್ಚೆ ಹಿಡಿದಿರುವುದು ಅಮ್ಮ. ಆಗ ನಮಗೆ ಹಿಂದಿನದೆಲ್ಲ ಬೇರೆ ಥರ ಕಾಣಿಸುತ್ತದೆ. ಹುಡುಗ ಮೊದಲಿಂದ ಆಯುಧ ಮಾಡುತ್ತಿದ್ದದ್ದು ಸುಮ್ನೆ ಹಟಕ್ಕಲ್ಲ. ಅಮ್ಮನನ್ನು ಕಾಪಾಡುತ್ತೇನೆ ಅಂತ ಮಾತು ಕೊಟ್ಟಿದ್ದ. ಅಮ್ಮನೊಳಗೆ ಏನೋ ಬರುತ್ತಿದೆ ಅಂತ ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಇಲ್ಲಿಂದ ಮುಂದೆ ನಾವು ಅಮೇಲಿಯಾಳನ್ನು ಹೊರಗಿನಿಂದ ನೋಡುತ್ತೇವೆ. ಸೂಪಿನಲ್ಲಿ ಗಾಜಿನ ಚೂರು. ನೋಯುತ್ತಿದ್ದ ಹಲ್ಲನ್ನು ಅವಳೇ ಕಿತ್ತು ಹಾಕುವುದು. ನಾಯಿ ಬಗ್ಸಿಯ ಸಾವು. ಕೊನೆಗೆ ಬರುವ ಓಡಾಟ, ಕಿರುಚಾಟ, ಮನೆ ಅಲುಗುವುದು ಇದೆಲ್ಲ ಚೆನ್ನಾಗಿಯೇ ಇದೆ, ಆದರೆ ಬಾಗಿಲ ಹತ್ತಿರ ನಿಂತ ಆ ಮಗುವಿನ ಮುಂದೆ ನನಗೆ ಅದು ಕಡಿಮೆಯೇ.

ಹಾಗಾದರೆ ಗುಮ್ಮ ಏನು?

ಉತ್ತರ ಒಂದು ಮಾತಿನಲ್ಲಿದೆ. ಅಮೇಲಿಯಾ ಮೈಮೇಲೆ ಗುಮ್ಮ ಬಂದ ಮೇಲೆ ಮಗನಿಗೆ ಹೇಳುತ್ತಾಳೆ, ಸತ್ತವನು ಅವನ ಬದಲು ನೀನಾಗಿರಬಾರದಿತ್ತೇ ಅಂತ ಎಷ್ಟು ಸಲ ಅಂದುಕೊಂಡೆನೋ ಅಂತ. ಇದು ಬರೀ ದುಃಖ ಅಲ್ಲ. ಗಂಡನನ್ನು ಕಳೆದುಕೊಂಡೆ ಅಂತ ಅಳಬಹುದು, ಯಾರಾದರೂ ಸಮಾಧಾನ ಮಾಡುತ್ತಾರೆ. ಮಗು ಬೇಡ ಅನ್ನಿಸುತ್ತಿದೆ ಅಂತ ಯಾವ ಅಮ್ಮನೂ ಯಾರ ಹತ್ತಿರವೂ ಹೇಳಲಾರಳು. ಏಳು ವರ್ಷ ನುಂಗಿಕೊಂಡ ಆ ಮಾತೇ ಟೋಪಿ ಹಾಕಿಕೊಂಡು ಎದ್ದು ಬಂದಿದೆ. 'ದುಃಖ' ಅಂತ ಬರೆದರೆ ಉತ್ತರ ಪೂರ್ತಿ ಆಗುವುದಿಲ್ಲ ಅಂದದ್ದು ಇದಕ್ಕೇ.

ಇದಕ್ಕೆ ಸಿನಿಮಾದೊಳಗೇ ಸಾಕ್ಷಿ ಇದೆ, ಆದರೆ ತೋರಿಸಿ ತೋರಿಸಿ ಹೇಳುವುದಿಲ್ಲ. ಅಮೇಲಿಯಾ ಹಿಂದೆ ಬರೆಯುತ್ತಿದ್ದವಳು, ಮಕ್ಕಳಿಗೂ ಒಂದಿಷ್ಟು ಬರೆದಿದ್ದಳು ಅಂತ ಒಂದು ಕಡೆ ಸುಮ್ನೆ ಮಾತಿನ ಮಧ್ಯೆ ಬರುತ್ತದೆ. ಆಮೇಲೆ ಪುಸ್ತಕವನ್ನು ಹರಿದು ಎಸೆದರೂ ಅಂಟಿಸಿಕೊಂಡು ವಾಪಸ್ ಬರುತ್ತದೆ. ಈ ಸಲ ಅದರಲ್ಲಿ ಹೊಸ ಪುಟಗಳು: ಅಮ್ಮ ನಾಯಿಯನ್ನು, ಮಗನನ್ನು, ಕೊನೆಗೆ ತನ್ನನ್ನೇ ಕೊಲ್ಲುವ ಚಿತ್ರಗಳು. ಪೊಲೀಸ್ ಠಾಣೆಗೆ ದೂರು ಕೊಡಲು ಹೋದಾಗ ಅವಳ ಕೈಗೆ ಕಪ್ಪು ಮೆತ್ತಿರುವುದು ಕಾಣುತ್ತದೆ. ಪುಸ್ತಕ ಸುಟ್ಟದ್ದಕ್ಕೋ, ಬರೆದದ್ದಕ್ಕೋ? ಸಿನಿಮಾ ಹೇಳುವುದಿಲ್ಲ. ಅದೇ ಠಾಣೆಯ ಗೋಡೆಯಲ್ಲಿ ನೇತುಹಾಕಿದ ಕೋಟು ಟೋಪಿಯನ್ನೂ ನೋಡಿ, ಜೊತೆಗೆ ಮನೆಯ ನೆಲಮಾಳಿಗೆಯಲ್ಲಿ ಗೋಡೆಗೆ ತೂಗುಹಾಕಿದ ಆಸ್ಕರ್‌ನ ಬಟ್ಟೆಗಳನ್ನು ನೋಡಿ. ಎರಡೂ ಒಂದೇ ಆಕಾರ. ಗುಮ್ಮನ ಆಕಾರವೂ ಅದೇ.

ತಯಾರಿಕೆಯ ಬಗ್ಗೆ

ಈ ಮನೆ ತಣ್ಣಗೆ ಕಾಣುತ್ತದಲ್ಲ, ಅದಕ್ಕೆ ಕಾರಣ ಎಡಿಟಿಂಗ್ ಟೇಬಲ್ಲಿನ ಕಂಪ್ಯೂಟರ್ ಅಲ್ಲ. ಮನೆಯ ಒಳಭಾಗದ ಸೆಟ್ಟನ್ನೇ ನೀಲಿ ಬೂದು ಬಣ್ಣದಲ್ಲಿ ಕಟ್ಟಿದ್ದಾರೆ. ಬಟ್ಟೆಗಳೂ ಅದಕ್ಕೆ ಹೊಂದುವಂತೆ ಮಾಸಲು. ಛಾಯಾಗ್ರಾಹಕ ಪೋಲೆಂಡ್‌ನ ರಾಡೆಕ್ ಲಾಡ್‌ಚುಕ್. ಪುಸ್ತಕದ ಚಿತ್ರಗಳು ಅಲೆಕ್ಸಾಂಡರ್ ಯುಹಾಸ್ ಅವರವು. ಗುಮ್ಮನನ್ನೂ ಹೆಚ್ಚಾಗಿ ಕ್ಯಾಮೆರಾ ಮುಂದೆಯೇ, ಹಳೇ ಕಾಲದ ತಂತ್ರಗಳಿಂದ ಮಾಡಿದ್ದಾರೆ. ಅವನು ಬಿಟ್ಟು ಬಿಟ್ಟು ಚಲಿಸುವುದು ಅದಕ್ಕೇ. ಅವನ ರೂಪಕ್ಕೆ ಸ್ಫೂರ್ತಿ 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್' ಅನ್ನುವ ಮೂಕಿಚಿತ್ರದಲ್ಲಿ ನಟ ಲಾನ್ ಚೇನಿ ಹಾಕಿದ್ದ ವೇಷ. ಆ ಸಿನಿಮಾದ ಪ್ರತಿಯೇ ಈಗ ಉಳಿದಿಲ್ಲ, ಫೋಟೋಗಳು ಮಾತ್ರ ಇವೆ. ನಿದ್ದೆ ಬಾರದ ಅಮೇಲಿಯಾ ರಾತ್ರಿ ಟೀವಿಯಲ್ಲಿ ನೋಡುವ, ಫ್ರಾನ್ಸಿನ ಹಳೇ ಕಾಲದ ನಿರ್ದೇಶಕ ಮೆಲಿಯೆಸ್‌ನ ಮೂಕಿಚಿತ್ರಗಳೊಳಗೂ ಬಾಬಡುಕ್ ನುಸುಳಿರುತ್ತಾನೆ. ಆ ಕಾಲದ ಸಿನಿಮಾಗಳಿಗೇ ಸೇರಿದವನು ಅನ್ನುವಷ್ಟು ಸಲೀಸಾಗಿ ಕೂರುತ್ತಾನೆ.

ನನಗೆ ತುಂಬಾ ಗೌರವ ಮೂಡಿಸಿದ್ದು ಬೇರೆ ವಿಷಯ. ನೋವಾಗೆ ಆಗ 6 ವರ್ಷ. ಅಮೇಲಿಯಾ ಮಗನಿಗೆ ಬೈಯುವ ಶಾಟ್‌ಗಳಲ್ಲಿ ಎಸ್ಸಿ ಡೇವಿಸ್ ಎದುರಿಗೆ ಅವನು ಇರಲೇ ಇಲ್ಲ. ದೊಡ್ಡವರೊಬ್ಬರು ಮಂಡಿಯೂರಿ ಕೂತು ಆ ಬೈಗುಳ ಕೇಳಿಸಿಕೊಂಡರು. ಹುಡುಗನಿಗೆ ಅವನ ವಯಸ್ಸಿಗೆ ತಕ್ಕ ಹಾಗೆ ಕಥೆಯನ್ನು ಕೆಂಟ್ ಮೊದಲೇ ಬೇರೆ ಥರ ಹೇಳಿದ್ದರು. ಸೆಟ್‌ನಲ್ಲಿ ಅವನ ತಾಯಿಯೂ ಇರುತ್ತಿದ್ದರು. ಮಗುವಿನ ಮೇಲಿನ ಕ್ರೌರ್ಯವನ್ನು ತೋರಿಸುವ ಸಿನಿಮಾ ಒಂದು ಮಗುವನ್ನು ನೋಯಿಸದೆ ಆಗಬೇಕು, ಅಲ್ವಾ? ಎಡಿಟಿಂಗ್ ಕಲಿಯುವವರು ಆ ದೃಶ್ಯಗಳನ್ನು ಶಾಟ್ ಶಾಟ್ ಆಗಿ ಬಿಡಿಸಿ ನೋಡಲೇಬೇಕು. ಇಬ್ಬರೂ ಒಬ್ಬರಿಗೊಬ್ಬರು ಎದುರಾಗಿದ್ದಾರೆ ಅನ್ನುವ ನಂಬಿಕೆಯನ್ನು ಕಟ್ ಒಂದರಿಂದಲೇ ಹುಟ್ಟಿಸಿದ್ದಾರೆ.

ಕೊನೆ

ನೆಲಮಾಳಿಗೆಯಲ್ಲಿ ಮಗ ಅಮ್ಮನನ್ನು ಕಟ್ಟಿಹಾಕುತ್ತಾನೆ. ಅವಳು ಒಂದು ಕೈ ಬಿಡಿಸಿಕೊಂಡು ಅವನ ಕುತ್ತಿಗೆ ಹಿಸುಕುತ್ತಾಳೆ. ಉಸಿರು ಕಟ್ಟುತ್ತಿರುವಾಗಲೇ ಸ್ಯಾಮ್ಯುಯೆಲ್ ಕೈ ಚಾಚಿ ಅವಳ ಕೆನ್ನೆ ಸವರುತ್ತಾನೆ. ಹಾಸಿಗೆಯಲ್ಲಿ ಅವಳು ಬಿಡಿಸಿಕೊಂಡಿದ್ದು ಇದೇ ಕೈಯನ್ನು. ಈ ಸಲ ಅವಳು ಸರಿಯುವುದಿಲ್ಲ. ಒಳಗಿನ ಕಪ್ಪನ್ನು ಕಕ್ಕುತ್ತಾಳೆ.

ಆದರೂ ಗುಮ್ಮ ಸಾಯುವುದಿಲ್ಲ. ನೆಲಮಾಳಿಗೆ ಸೇರಿಕೊಳ್ಳುತ್ತಾನೆ. ಅಮೇಲಿಯಾ ಅವನಿಗೆ ಬಟ್ಟಲಲ್ಲಿ ಎರೆಹುಳು ಕೊಂಡುಹೋಗಿ ಕೊಡುತ್ತಾಳೆ. ಅವನು ಮೇಲೆರಗಲು ಬಂದಾಗ ಬೆದರಿದರೂ ಸಮಾಧಾನ ಮಾಡಿ ಮೇಲೆ ಬರುತ್ತಾಳೆ. ಕೆಲವರು ಇದನ್ನು ಸುಖಾಂತ್ಯ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನುಂಗಿಕೊಂಡ ಮಾತನ್ನು ಒಮ್ಮೆ ಆಡಿಬಿಟ್ಟ ಮೇಲೆ ಅದನ್ನು ಇಲ್ಲ ಅನ್ನಲಾಗುವುದಿಲ್ಲ, ದಿನಾ ಅದರ ಜೊತೆ ಒಂದಿಷ್ಟು ಹೊತ್ತು ಕಳೆಯಬೇಕು. ಸಿನಿಮಾ ತೋರಿಸುವುದು ಅಷ್ಟನ್ನೇ.

ಹಾಗಾದರೆ ಬದಲಾಗಿದ್ದು ಏನು? ಎರಡು ದೃಶ್ಯ ಜೋಡಿಸಿ ನೋಡಿ. ಶುರುವಿನಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಸ್ಯಾಮ್ಯುಯೆಲ್ ಪರಿಚಯವೇ ಇಲ್ಲದವರ ಹತ್ತಿರ ತನ್ನ ಅಪ್ಪ ಸ್ಮಶಾನದಲ್ಲಿದ್ದಾನೆ ಅಂತ ಹೇಳುತ್ತಾನೆ. ಅಮೇಲಿಯಾಗೆ ನಿಂತಲ್ಲೇ ಕುಗ್ಗಿಹೋದಂತಾಗುತ್ತದೆ. ಕೊನೆಯಲ್ಲಿ ಮಕ್ಕಳ ಇಲಾಖೆಯವರು ಮನೆಗೆ ಬಂದಾಗಲೂ ಅವನು ಅಪ್ಪನ ಸಾವಿನ ಮಾತು ತೆಗೆಯುತ್ತಾನೆ. ಅಮೇಲಿಯಾ ನಗುತ್ತಾಳೆ, ಇವನೂ ಅಪ್ಪನ ಹಾಗೇ, ಮನಸ್ಸಿನಲ್ಲಿದ್ದದ್ದು ಹೇಳಿಬಿಡುತ್ತಾನೆ ಅನ್ನುತ್ತಾಳೆ. ಆಸ್ಕರ್ ಬಗ್ಗೆ ಅವಳು ಬೇರೆಯವರ ಮುಂದೆ ಅಷ್ಟು ಸಲೀಸಾಗಿ ಮಾತಾಡಿದ್ದು ಅದೇ ಮೊದಲು. ಅವತ್ತು ಹುಟ್ಟುಹಬ್ಬವೂ ಹುಟ್ಟಿದ ದಿನವೇ ನಡೆಯುತ್ತದೆ.

ಇನ್ನೊಂದು ವಿಷಯ. ಕೆಂಟ್ 2005ರಲ್ಲಿ 'ಮಾನ್‌ಸ್ಟರ್' ಅಂತ ಸುಮಾರು ಹತ್ತು ನಿಮಿಷದ ಕಪ್ಪು ಬಿಳುಪು ಕಿರುಚಿತ್ರ ಮಾಡಿದ್ದರು. ಬಾಬಡುಕ್ ಹುಟ್ಟಿದ್ದು ಅದರಿಂದಲೇ. ಅದನ್ನು ಈ ಸಿನಿಮಾ ಆದ ಮೇಲೆ ನೋಡಿ, ಮೊದಲಲ್ಲ. ಅಮ್ಮ, ಮಗ, ಮನೆಯೊಳಗಿನ ಗುಮ್ಮ ಎಲ್ಲ ಅದರಲ್ಲೂ ಇದ್ದಾರೆ. ನಮ್ಮನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತರೋಕೆ ಬೇಕಾದ ಸಮಯ ಮಾತ್ರ ಹತ್ತು ನಿಮಿಷದಲ್ಲಿ ಸಿಗುವುದಿಲ್ಲ.