ಕಲ್ಲುಬಾಳೆ: ಕಂದು ಹಾಕದ ಬಾಳೆಯ ಹೆಸರಿನ ಕಥೆ

ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಓಡಾಡಿದವರು ಇದನ್ನು ನೋಡಿಯೇ ಇರುತ್ತಾರೆ. ಮಣ್ಣೇ ಇಲ್ಲ ಅನ್ನಿಸುವ ಕಡಿದಾದ ಬಂಡೆಯ ಮೇಲೆ ಒಂಟಿ ಬಾಳೆಗಿಡ. ಬುಡ ಹೂಜಿಯ ಹಾಗೆ ಉಬ್ಬಿರುತ್ತದೆ. ಬೇಸಿಗೆಯಲ್ಲಿ ಅಲ್ಲಿಗೇ ಹೋದರೆ ಎಲೆಯೆಲ್ಲ ಒಣಗಿ, ಆ ದಪ್ಪ ಬುಡ ಮಾತ್ರ ಸುಮ್ನೆ ಕೂತಿರುತ್ತದೆ. ಮಳೆ ಬಿದ್ದರೆ ಮತ್ತೆ ಚಿಗುರು. ಇದೇ ಕಲ್ಲುಬಾಳೆ.

ಕಲ್ಲಿನ ಮೇಲೆ ಬೆಳೆಯುವುದರಿಂದ ಕಲ್ಲುಬಾಳೆ ಅನ್ನಬಹುದು. ಆದರೆ ಹಣ್ಣು ಸುಲಿದರೆ ಒಳಗೂ ಕಲ್ಲೇ! ತಿರುಳು ಕಡಿಮೆ, ಸಣ್ಣ ಗೋಲಿಯಂಥ ಕರಿ ಬೀಜಗಳು ಜಾಸ್ತಿ. ಸಾಲದ್ದಕ್ಕೆ ಆ ಬೀಜವನ್ನು ನಾಟಿ ವೈದ್ಯರು ಮೂತ್ರದ ಕಲ್ಲಿಗೆ ಕೊಡುತ್ತಾರೆ. ಒಟ್ಟಿನಲ್ಲಿ ಈ ಗಿಡಕ್ಕೆ ಕಲ್ಲಿನ ನಂಟು ಬಿಡುವುದಿಲ್ಲ. ಮಲಯಾಳದಲ್ಲೂ ಇದು ಕಲ್ಲುವಾಳ. ತಮಿಳಿನಲ್ಲಿ ಮಾತ್ರ ಕಲ್ವಾಳೈ ಅಂದರೆ ಸಾಮಾನ್ಯವಾಗಿ ಅಂಗಳದಲ್ಲಿ ಬೆಳೆಸುವ ಕ್ಯಾನಾ ಹೂವಿನ ಗಿಡ. ಊರಿನ ಹೆಸರುಗಳ ತೊಂದರೆಯೇ ಇದು. ಗಡಿ ದಾಟಿದರೆ ಗಿಡವೇ ಬದಲಾಗಿಬಿಡುತ್ತದೆ.

ಅದಕ್ಕೇ ತಾನೇ ವಿಜ್ಞಾನಿಗಳು ಲ್ಯಾಟಿನ್ ಹೆಸರು ಇಡುವುದು? ಸರಿ, ಆದರೆ ಈ ಗಿಡದ ಮಟ್ಟಿಗೆ ಆ ಹೆಸರೂ ಒಂದೇ ಕಡೆ ನಿಲ್ಲಲಿಲ್ಲ.

ಬಾಳೆಯ ಕುಲಕ್ಕೆ, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪಿಗೆ, ಮೂಸಾ ಅನ್ನುವ ಹೆಸರು ಗಟ್ಟಿಯಾಗಿದ್ದು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನಿಂದ. ಅರಬ್ಬಿಯಲ್ಲಿ ಬಾಳೆಗೆ ಮೌಜ್ ಅನ್ನುತ್ತಾರೆ, ಮೂಸಾ ಅದರಿಂದಲೇ ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. 1753ರಲ್ಲಿ ಆತ ಹೆಸರಿಟ್ಟ ಮೂಸಾ ಪ್ಯಾರಡಿಸಿಯಾಕಾ ಕಾಡಿನದ್ದಲ್ಲ, ತೋಟದ ಮಿಶ್ರತಳಿ. ಆಮೇಲೆ ಬಾಳೆಯ ಹಾಗೆ ಕಂಡದ್ದನ್ನೆಲ್ಲ ಮೂಸಾ ಅನ್ನುವ ಒಂದೇ ಬುಟ್ಟಿಗೆ ಹಾಕುತ್ತಾ ಹೋದರು. ಕಲಕತ್ತೆಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ನಮ್ಮ ಕಲ್ಲುಬಾಳೆಯನ್ನು ಮೂಸಾ ಸುಪರ್ಬಾ ಎಂದು ಕರೆದದ್ದು ಹೀಗೆ. ಸುಪರ್ಬಾ ಅಂದರೆ ಭರ್ಜರಿಯಾದದ್ದು. ಆ ಬುಡ, ಆ ಕೆಂಗಂದು ಬಣ್ಣದ ದೊಡ್ಡ ಮೋತೆ (ಬಾಳೆಹೂವು) ನೋಡಿದರೆ ಹೆಸರು ಒಪ್ಪುತ್ತದೆ, ಅಲ್ವಾ?

ಆದರೆ ಬಾಳೆ ಬೆಳೆಸಿ ಗೊತ್ತಿರುವ ಯಾರಿಗಾದರೂ ಇಲ್ಲೊಂದು ಎಡವಟ್ಟು ಕಾಣುತ್ತದೆ. ಹಿತ್ತಲಿನ ಬಾಳೆ ಗೊನೆ ಹಾಕಿ ಸಾಯುತ್ತದೆ ನಿಜ, ಆದರೆ ಅಷ್ಟರೊಳಗೆ ಬುಡದಲ್ಲಿ ನಾಲ್ಕಾರು ಕಂದು ಎದ್ದಿರುತ್ತವೆ. ಕಲ್ಲುಬಾಳೆ ಕಂದು ಹಾಕುವುದಿಲ್ಲ. ಹಲವು ವರ್ಷ ಬೆಳೆದು, ಒಂದೇ ಸಲ ಹೂ ಬಿಟ್ಟು, ಹಣ್ಣಾಗಿ, ಪೂರ್ತಿ ಸಾಯುತ್ತದೆ. ಮುಂದಿನ ಗಿಡ ಬೀಜದಿಂದಲೇ ಬರಬೇಕು. ಬೀಜ ಕಟ್ಟುವ ಮೊದಲೇ ಪಲ್ಯಕ್ಕೆಂದು ಮೋತೆ ಕೊಯ್ದರೆ ಆ ಗಿಡದ ಲೆಕ್ಕ ಅಲ್ಲಿಗೆ ಮುಗಿಯಿತು.

ಬೇರೆ ಗುರುತುಗಳೂ ಇವೆ. ಬಾಳೆ ಮೋತೆಯ ಹೊದಿಕೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಕಲ್ಲುಬಾಳೆಯಲ್ಲಿ ಅವು ಒಣಗಿದರೂ ದಂಟಿಗೆ ಅಂಟಿಕೊಂಡೇ ಇರುತ್ತವೆ. ಕಾಡಿನ ಮೂಸಾಗಳ ಬೀಜ ಹೆಚ್ಚುಕಡಿಮೆ ಕಾಳುಮೆಣಸಿನಷ್ಟು, ಇದರದ್ದು ಇನ್ನೂ ದೊಡ್ಡದು. ಜೀವಕೋಶದ ಒಳಗೂ ವ್ಯತ್ಯಾಸವಿದೆ: ನಾವು ತಿನ್ನುವ ಬಾಳೆಗಳ ಕಾಡುಮೂಲಗಳಲ್ಲಿ ಕ್ರೋಮೋಸೋಮು 11 ಜೋಡಿ, ಇದರಲ್ಲಿ 9 ಜೋಡಿ.

ಇಂಥವನ್ನೆಲ್ಲ ಹಿಡಿದು ಎರಡನ್ನೂ ಬೇರೆ ಮಾಡಿದವರು ಸಸ್ಯವಿಜ್ಞಾನಿ ಅರ್ನೆಸ್ಟ್ ಚೀಸ್‌ಮನ್. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪತ್ರಿಕೆಯಾದ ಕ್ಯೂ ಬುಲೆಟಿನ್‌ನ 1947ರ ಸಂಪುಟದಲ್ಲಿ ಅವರು ಎನ್ಸೆಟೆ ಅನ್ನುವ ಕುಲಕ್ಕೆ ಮರುಜೀವ ಕೊಟ್ಟರು. ಅದನ್ನು ರಷ್ಯಾದ ಸಸ್ಯವಿಜ್ಞಾನಿ ಹೊರಾನಿನೋವ್ 1862ರಲ್ಲೇ ಕಟ್ಟಿದ್ದರು, ಆದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಎನ್ಸೆಟೆ ಇಥಿಯೋಪಿಯಾದ ಮಾತು. ಅಲ್ಲಿ ಇದರ ಹತ್ತಿರದ ನೆಂಟನಿಗೆ ಎನ್ಸೆಟ್ ಅಂತಲೇ ಹೆಸರು. ಅಲ್ಲಿನವರು ಅದರ ಹಣ್ಣು ತಿನ್ನುವುದಿಲ್ಲ. ಗಡ್ಡೆಯನ್ನೂ ಪಟ್ಟೆಯ ತಿರುಳನ್ನೂ ಕೆರೆದು, ಗುಂಡಿಯಲ್ಲಿ ಹುಳಿ ಬರಿಸಿ, ಕೋಚೋ ಅನ್ನುವ ರೊಟ್ಟಿ ಮಾಡುತ್ತಾರೆ. ಕೋಟಿಗೂ ಹೆಚ್ಚು ಜನರ ಊಟ ಅದು. ನಮ್ಮ ಘಟ್ಟದ ಗಿಡ ಆಫ್ರಿಕಾದ ಹೆಸರು ಹೊತ್ತಿದ್ದು ಹೀಗೆ.

ಕುಲ ಬದಲಾದಾಗ ಬಾಲವೂ ಬದಲಾಯಿತು. ಈಗಿನ ಹೆಸರು ಎನ್ಸೆಟೆ ಸುಪರ್ಬಮ್. ಕನ್ನಡದಲ್ಲಿ ಒಳ್ಳೆಯವಳು, ಒಳ್ಳೆಯದು ಅಂತ ಲಿಂಗ ನೋಡಿ ಹೇಳುತ್ತೇವಲ್ಲ, ಲ್ಯಾಟಿನ್ ಹೆಸರಿಗೂ ಅದೇ ನಿಯಮ. ಮೂಸಾ ಸ್ತ್ರೀಲಿಂಗ, ಆದ್ದರಿಂದ ಸುಪರ್ಬಾ. ಎನ್ಸೆಟೆ ನಪುಂಸಕ, ಆದ್ದರಿಂದ ಸುಪರ್ಬಮ್. ಪೂರ್ತಿ ಹೆಸರು ಬರೆಯುವಾಗ ಕೊನೆಗೆ ಆವರಣದ ಒಳಗೆ ರಾಕ್ಸ್‌ಬರ್ಗ್, ಹೊರಗೆ ಚೀಸ್‌ಮನ್ ಎಂದು ಸೇರಿಸುತ್ತಾರೆ. ಒಳಗಿರುವವರು ಮೊದಲು ಹೆಸರಿಟ್ಟವರು, ಹೊರಗಿರುವವರು ಮನೆ ಬದಲಿಸಿದವರು. ಹಳೆಯ ಪುಸ್ತಕದಲ್ಲಿ ಮೂಸಾ ಸುಪರ್ಬಾ ಅಂತ ಕಂಡರೆ ಬೇರೆ ಗಿಡ ಅಂದುಕೊಳ್ಳಬೇಡಿ. ಅದೂ ಇದೇ ಕಲ್ಲುಬಾಳೆ.